ಕಿವಿಯೊಳಗೆ ಇಣುಕಿಯೂ ನೋಡದೆ ಔಷಧ ಹಾಕುವವರ ಕೈಗೆ ನಿಮ್ಮ ನಾಯಿಯನ್ನು ಕೊಡಬೇಡಿ

ನಮ್ಮ ಮನೆಯ ಲ್ಯಾಬ್ರಡಾರ್ ಗುಂಡನಿಗೆ ಈಗ ಎಡಗಿವಿ ಕೇಳಿಸುವುದಿಲ್ಲ. ಅವನಿಗೆ ಆರು ವರ್ಷ. ಇದು ಮುಪ್ಪಿನಿಂದ ಬಂದ ಕಿವುಡಲ್ಲ. ಕಳೆದ ವರ್ಷ ಜೂನ್ ತಿಂಗಳಿನಿಂದ ನವೆಂಬರ್‌ವರೆಗೆ ಇಬ್ಬರು ಅವನ ಕಿವಿಗೆ ಚಿಕಿತ್ಸೆ ಮಾಡಿದರು. ಅಷ್ಟು ದಿನಗಳಲ್ಲಿ ಅವರಲ್ಲಿ ಒಬ್ಬರೂ ಒಂದು ಸಲವೂ ಕಿವಿಯ ಒಳಗೆ ಬೆಳಕು ಹಾಯಿಸಿ ನೋಡಲಿಲ್ಲ. ನೋಡಿ ಎಂದು ನಾನೂ ಕೇಳಲಿಲ್ಲ. ಕೇಳಬೇಕೆಂಬುದು ನನಗೆ ಗೊತ್ತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ, ಸುತ್ತಲಿನ ಊರುಗಳಲ್ಲಿ ನಾಯಿ ಸಾಕಿರುವವರಿಗೆ ಅದು ಗೊತ್ತಿರಲಿ ಎಂಬ ಒಂದೇ ಕಾರಣಕ್ಕೆ ಇಷ್ಟನ್ನೂ ಬರೆಯುತ್ತಿದ್ದೇನೆ.

ನಮ್ಮ ಮನೆ ಕಂದವಾರದ ಕಡೆ. ಬೆಳಗಿನ ಹೊತ್ತು ಗುಂಡನನ್ನು ಕೆರೆಯ ಏರಿಯ ಮೇಲೆ ಕರೆದೊಯ್ಯುವುದು ನಮ್ಮ ರೂಢಿ, ನೀರು ಕಂಡರೆ ಅವನು ನಿಲ್ಲುವವನಲ್ಲ. ಮಳೆಗಾಲ ಆರಂಭವಾದ ಮೇಲೆ ಅವನು ಪದೇ ಪದೇ ತಲೆ ಒದರತೊಡಗಿದ, ಹಿಂಗಾಲಿನಿಂದ ಎಡಗಿವಿಯ ಬುಡವನ್ನು ಕೆರೆದುಕೊಂಡು ನರಳುವಂತೆ ಸಣ್ಣ ದನಿ ತೆಗೆಯತೊಡಗಿದ. ಜೋಲುಗಿವಿಯನ್ನು ಮೇಲೆತ್ತಿ ನೋಡಿದರೆ ಒಳಗೆಲ್ಲ ಕೆಂಪಾಗಿತ್ತು. ಮಡಿಕೆಗಳಲ್ಲಿ ಕಂದುಬಣ್ಣದ ಜಿಡ್ಡು ಅಂಟಿಕೊಂಡಿತ್ತು. ಎರಡು ದಿನ ಹೆಚ್ಚು ಹುಳಿಬಂದ ಇಡ್ಲಿ ಹಿಟ್ಟಿನಂಥ ವಾಸನೆ ಬರುತ್ತಿತ್ತು. ಆ ವಾಸನೆ ಮತ್ತು ಆ ಬಣ್ಣವೇ ರೋಗದ ಮೊದಲ ಸುಳಿವು ಎಂದು ಈಗ ಹೇಳಬಲ್ಲೆ. ಆಗ ಅದನ್ನು ಕೆರೆಯ ಕೊಳೆ ಎಂದುಕೊಂಡು ಬಟ್ಟೆಯಿಂದ ಒರೆಸಿ ಸುಮ್ಮನಾದೆ.

ಅಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ನಾಲ್ಕು ದಿನ ಬಿಟ್ಟರು. ಮಕ್ಕಳ ಕಿವಿನೋವಿಗೆ ನಮ್ಮ ಮನೆಗಳಲ್ಲಿ ಮಾಡಿಕೊಂಡು ಬಂದದ್ದೇ ಅದು, ಅವರ ಮೇಲೆ ತಪ್ಪು ಹೊರಿಸಲಾರೆ. ಆದರೆ ಮೊದಲೇ ಗಾಳಿಯಾಡದೆ ಒದ್ದೆಯಾಗಿರುವ ಕಿವಿಗೆ ಎಣ್ಣೆ ಬಿಟ್ಟರೆ ಅದರೊಳಗಿನ ಯೀಸ್ಟ್ ಇನ್ನಷ್ಟು ಹುಲುಸಾಗಿ ಬೆಳೆಯುತ್ತದೆ, ಬೆಳ್ಳುಳ್ಳಿಯ ಖಾರ ಹುಣ್ಣಾದ ಚರ್ಮವನ್ನು ಸುಡುತ್ತದೆ. ಐದನೆಯ ದಿನ ಗುಂಡ ಕಿವಿಯ ಹತ್ತಿರ ಕೈ ತರಲೂ ಬಿಡಲಿಲ್ಲ.

ಆಗ ಬಂದವರು ಸ್ಕೂಟರಿನಲ್ಲಿ ಚೀಲ ಇಟ್ಟುಕೊಂಡು ಮನೆಮನೆಗೆ ಹೋಗುವ ಒಬ್ಬ ವ್ಯಕ್ತಿ. ಹೈನುಗಾರಿಕೆಯ ಊರು ನಮ್ಮದು. ಹಸುವಿಗೆ ಜ್ವರ ಬಂದರೆ, ಕೆಚ್ಚಲು ಬಾತರೆ ಕರೆದ ತಕ್ಷಣ ಬರುವವರು ಎಂದು ಬೀದಿಯವರೆಲ್ಲ ಅವರನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಗೇಟಿನ ಬಳಿಯೇ ನಿಂತು ನಾನು ಹೇಳಿದ್ದನ್ನು ಕೇಳಿದರು. "ಏನೂ ಯೋಚನೆ ಮಾಡ್ಬೇಡಿ ಸರ್, ಒಂದು ಸೂಜಿ ಹಾಕಿದ್ರೆ ನಾಳೆಗೆ ಸರಿಹೋಗುತ್ತೆ," ಎಂದರು. ನಿಜವಾಗಿಯೂ ಮರುದಿನ ಸರಿಹೋಯಿತು. ತುರಿಕೆ ನಿಂತಿತು, ಗುಂಡ ರಾತ್ರಿಯಿಡೀ ನೆಮ್ಮದಿಯಾಗಿ ಮಲಗಿದ. ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿ, ನಾನು ಮೋಸಹೋದದ್ದೂ ಅಲ್ಲಿಯೇ. ಹದಿನೈದು ದಿನಗಳಲ್ಲಿ ಅದೇ ಜಿಡ್ಡು, ಅದೇ ವಾಸನೆ ಮರಳಿತು. ಮತ್ತೆ ಸೂಜಿ, ಮತ್ತೆ ಹದಿನೈದು ದಿನ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಏಳು ಸೂಜಿಗಳಾಗಿದ್ದವು. ಪ್ರತಿ ಸಲವೂ ಕೈಗೆ ಹಣ ಕೊಟ್ಟೆನೇ ಹೊರತು ಒಂದು ಸಲವೂ ಚೀಟಿ ಬರೆಸಿಕೊಳ್ಳಲಿಲ್ಲ.

ಈ ನಡುವೆ ಗುಂಡನಲ್ಲಿ ಆದ ಬದಲಾವಣೆಗಳು ನನ್ನ ಕಣ್ಣೆದುರಿಗೇ ಇದ್ದವು. ಬೆಳಿಗ್ಗೆ ತುಂಬಿಸಿಟ್ಟ ನೀರಿನ ಬೋಗುಣಿ ಹತ್ತು ಗಂಟೆಗೆಲ್ಲ ಖಾಲಿಯಾಗುತ್ತಿತ್ತು. ಮೂರು ಸಲ ತುಂಬಿಸಿದರೂ ಸಾಲುತ್ತಿರಲಿಲ್ಲ. ಎಂದೂ ಮನೆಯೊಳಗೆ ಗಲೀಜು ಮಾಡದವನು ರಾತ್ರಿ ಎರಡು ಸಲ ನಡುಮನೆಯಲ್ಲಿಯೇ ಉಚ್ಚೆ ಹೊಯ್ದುಕೊಂಡು, ಏನೋ ತಪ್ಪು ಮಾಡಿದವನಂತೆ ಮೂಲೆಯಲ್ಲಿ ಕುಳಿತಿರುತ್ತಿದ್ದ. ಹಸಿವು ವಿಪರೀತವಾಗಿತ್ತು, ಹೊಟ್ಟೆ ಜೋತುಬಿದ್ದಿತ್ತು. ಇದನ್ನೆಲ್ಲ ಹೇಳಿದಾಗ ಆ ವ್ಯಕ್ತಿ, ಚೆನ್ನಾಗಿ ತಿನ್ನುತ್ತಿದ್ದಾನೆ ಎಂದರೆ ಔಷಧ ಹಿಡಿದಿದೆ ಎಂದೇ ಅರ್ಥ ಎಂದರು. ಒಂದು ದಿನ ತುಳಸಿಕಟ್ಟೆಯ ಬಳಿ ಗುಡಿಸುವಾಗ ಹೆಬ್ಬೆರಳಿನಷ್ಟು ಉದ್ದದ ಖಾಲಿ ಸೀಸೆಯೊಂದು ಸಿಕ್ಕಿತು. ಅದರ ಮೇಲೆ ಡೆಕ್ಸಾಮೆಥಾಸೋನ್ ಎಂದು ಬರೆದಿತ್ತು. ಅದು ಸ್ಟೀರಾಯ್ಡ್. ತುರಿಕೆಯನ್ನೂ ಬಾವನ್ನೂ ಅದು ಗಂಟೆಗಳಲ್ಲಿ ಅಡಗಿಸುತ್ತದೆ, ಆದರೆ ರೋಗಾಣುವನ್ನು ಕೊಲ್ಲುವುದಿಲ್ಲ, ದೇಹ ತಾನಾಗಿ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಅತಿಯಾದ ಬಾಯಾರಿಕೆ, ಉಚ್ಚೆ, ಹಸಿವು, ಜೋಲುಹೊಟ್ಟೆ ಎಲ್ಲವೂ ಅದರ ಅಡ್ಡಪರಿಣಾಮಗಳೇ. ಯೋಗ್ಯ ಪಶುವೈದ್ಯರೂ ಕಿವಿಯ ಬಾವಿಗೆ ಸ್ಟೀರಾಯ್ಡ್ ಬಳಸುತ್ತಾರೆ. ಆದರೆ ಅವರು ಅದನ್ನು ಲೆಕ್ಕವಿಟ್ಟು, ಮಾಲೀಕರಿಗೆ ತಿಳಿಸಿ, ರೋಗಕ್ಕೆ ಬೇರೆ ಔಷಧವನ್ನು ಜೊತೆಗಿಟ್ಟು ಕೊಡುತ್ತಾರೆ.

ಅವರನ್ನು ಬಿಟ್ಟು ನಾನು ಹೋದದ್ದು ಪ್ರಾಣಿಗಳ ಆಹಾರ ಮಾರುವ ಅಂಗಡಿಯೊಂದಕ್ಕೆ ಅಂಟಿಕೊಂಡಂತಿದ್ದ ಕ್ಲಿನಿಕ್ಕಿಗೆ. ಬೋರ್ಡು ದೊಡ್ಡದಿತ್ತು, ಒಳಗೆ ಏಸಿ ಇತ್ತು, ಗೋಡೆಯ ತುಂಬ ಬೇರೆ ಬೇರೆ ತಳಿಯ ನಾಯಿಗಳ ಚಿತ್ರಗಳಿದ್ದವು. ಅಲ್ಲಿ ಕಿವಿಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಹತ್ತಿಕಡ್ಡಿಯನ್ನು ಆಳಕ್ಕೆ ತೂರಿಸಿ ತಿರುಗಿಸಿದರು. ಗುಂಡ ಕಿರುಚಿದ. ಅನಂತರ ಆಂಟಿಬಯಾಟಿಕ್, ಶಿಲೀಂಧ್ರದ ಔಷಧ, ಸ್ಟೀರಾಯ್ಡ್ ಮೂರೂ ಬೆರೆತ ಹನಿಯೌಷಧದ ಸೀಸೆಯೊಂದನ್ನು ಕೊಟ್ಟು, ಜೋಲುಗಿವಿಯ ತಳಿಗೆ ಇದು ಜನ್ಮಕ್ಕೆ ಅಂಟಿದ್ದು, ವಾಸನೆ ಬಂದಾಗಲೆಲ್ಲ ಹಾಕುತ್ತಿರಿ ಎಂದು ಕಳಿಸಿದರು. ಅಲ್ಲಿಯೂ ಯಾರೂ ಒಳಗೆ ನೋಡಲಿಲ್ಲ.

ಕಾರ್ತಿಕ ಮಾಸದ ಒಂದು ಸೋಮವಾರ, ದೇವಸ್ಥಾನದಿಂದ ಮನೆಗೆ ಬಂದಾಗ ಗುಂಡ ನಮ್ಮನ್ನು ಎದುರುಗೊಳ್ಳಲು ಎದ್ದವನು ಎಡಕ್ಕೆ ವಾಲಿ ಬಿದ್ದ. ಎದ್ದ, ಎಡಗಡೆಗೇ ಸುತ್ತುಹಾಕಿದ, ಮತ್ತೆ ಬಿದ್ದ. ಯಾರೋ ಕತ್ತು ತಿರುಚಿದಂತೆ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಕಣ್ಣುಗುಡ್ಡೆಗಳು ಗಡಿಯಾರದ ಲೋಲಕದಂತೆ ಅತ್ತಿತ್ತ ಚಡಪಡಿಸುತ್ತಿದ್ದವು. ತಿಂದದ್ದನ್ನೆಲ್ಲ ವಾಂತಿ ಮಾಡಿದ. ಇಂಥದ್ದು ಕಂಡರೆ ಒಂದು ದಿನವೂ ಕಾಯಬಾರದು, ಏಕೆಂದರೆ ಕಿವಿಯ ಹೊರನಾಳದಲ್ಲಿದ್ದ ತೊಂದರೆ ಒಳಗಿವಿಗೆ, ದೇಹದ ಸಮತೋಲ ಕಾಯುವ ಜಾಗಕ್ಕೆ ತಲುಪಿದೆ ಎಂಬುದರ ಸೂಚನೆ ಅದಾಗಿರಬಹುದು. ಬೆಳಿಗ್ಗೆ ಸರ್ಕಾರಿ ಪಶು ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ದನಗಳ ಸಾಲಿನ ನಡುವೆಯೇ ಅಲ್ಲಿನ ವೈದ್ಯರು ಗುಂಡನನ್ನು ನೆಲದ ಮೇಲೆ ಮಲಗಿಸಿ ನೋಡಿ, ಇದಕ್ಕೆ ಬೇಕಾದ ಪರೀಕ್ಷೆಗಳನ್ನು ಇಲ್ಲಿ ಮಾಡಲಾಗದು, ಹೆಬ್ಬಾಳಕ್ಕೆ ಈಗಲೇ ಹೊರಡಿ ಎಂದರು. ತನ್ನಿಂದ ಆಗದ್ದನ್ನು ಆಗದು ಎಂದು ಮೊದಲ ಸಲ ಹೇಳಿದವರು ಅವರು. ನಾನು ಜೂನ್‌ನಲ್ಲಿಯೇ ಅವರ ಬಳಿ ಹೋಗಬೇಕಾಗಿತ್ತು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ, ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿಯೇ ಇದೆ. ಐವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿನ ವೈದ್ಯೆ ಮಾಡಿದ ಪರೀಕ್ಷೆಯನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಿವಿಯನ್ನು ಪರೀಕ್ಷಿಸುವುದು ಎಂದರೆ ಏನೆಂದು ನಾನು ಅಂದೇ ಕಂಡದ್ದು. ಮೊದಲು ಅವರು ಚೆನ್ನಾಗಿದ್ದ ಬಲಗಿವಿಯನ್ನು ನೋಡಿದರು, ಅನಂತರ ಎಡಗಿವಿಯನ್ನು. ನಾಯಿಯ ಕಿವಿನಾಳ ನಮ್ಮದರಂತೆ ನೇರವಾಗಿಲ್ಲ. ಮೇಲಿನಿಂದ ಕೆಳಕ್ಕಿಳಿದು, ಅಲ್ಲಿಂದ ತಲೆಯ ಒಳಕ್ಕೆ ಅಡ್ಡ ತಿರುಗುತ್ತದೆ. ಕಿವಿಯ ತಮಟೆ, ಎಂದರೆ ದನಿಗೆ ಕಂಪಿಸುವ ತೆಳುಪೊರೆ, ಇರುವುದು ಆ ತಿರುವಿನ ಆಚೆ. ಆದ್ದರಿಂದ ಹೊರಗಿನಿಂದ ಟಾರ್ಚು ಬಿಟ್ಟು ನೋಡಿದರೆ ಏನೂ ತಿಳಿಯದು. ಓಟೋಸ್ಕೋಪ್ ಎಂಬ ಬೆಳಕಿನ ಕೊಳವೆಯನ್ನು ಇಳಿಸಿ, ಕಿವಿಯನ್ನು ಹದವಾಗಿ ಎಳೆದು ಆ ತಿರುವನ್ನು ನೇರ ಮಾಡಿಕೊಂಡು ನೋಡಬೇಕು. ಹತ್ತಿಕಡ್ಡಿ ಆಳಕ್ಕೆ ಹೋದರೆ ಕೊಳೆ ಹೊರಬರುವುದಿಲ್ಲ, ಆ ತಿರುವಿನಾಚೆಗೆ ಗಿಡಿದುಕೊಂಡು ಕೂರುತ್ತದೆ. ನೋವಿನಿಂದ ಗುಂಡ ಬಿಡದಿದ್ದಾಗ ಮಂಪರಿನ ಔಷಧ ಕೊಟ್ಟು ನೋಡಿದರು. ತಮಟೆ ಹರಿದಿತ್ತು.

ಆಮೇಲೆ ಎರಡೂ ಕಿವಿಗಳಿಂದ ಜಿಡ್ಡನ್ನು ಬೇರೆ ಬೇರೆ ಕಡ್ಡಿಯಲ್ಲಿ ತೆಗೆದು, ಗಾಜಿನ ಪಟ್ಟಿಗಳ ಮೇಲೆ ಸವರಿ, ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹೆಚ್ಚು ಹೊತ್ತು ಹಿಡಿಯದ ಕೆಲಸ ಅದು. "ಬನ್ನಿ, ನೀವೂ ನೋಡಿ," ಎಂದು ನನ್ನನ್ನು ಕರೆದರು. ಬಲಗಿವಿಯ ಪಟ್ಟಿಯಲ್ಲಿ ನೇರಳೆ ಬಣ್ಣದ, ಸಿಪ್ಪೆ ಸುಲಿಯದ ಕಡಲೆಕಾಯಿಯ ಆಕಾರದ ಕಣಗಳು ಅಲ್ಲಲ್ಲಿ ಇದ್ದವು. ಅದು ಮಲಾಸೀಜಿಯಾ ಎಂಬ ಯೀಸ್ಟ್. ಎಡಗಿವಿಯ ಪಟ್ಟಿಯಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಿಕ್ಕಿರಿದಿತ್ತು. ಯಾವ ಆಂಟಿಬಯಾಟಿಕ್‌ಗೆ ಅದು ಬಗ್ಗುತ್ತದೆ ಎಂದು ತಿಳಿಯಲು ಕಲ್ಚರ್ ಪರೀಕ್ಷೆಗೆ ಕಳಿಸಿದರು. ಕೆಲವು ದಿನಗಳ ನಂತರ ಬಂದ ವರದಿಯಲ್ಲಿ ಸೂಡೋಮೊನಾಸ್ ಎಂದಿತ್ತು. ಸಾಮಾನ್ಯ ಔಷಧಗಳಿಗೆ ಸುಲಭವಾಗಿ ಬಗ್ಗದ ರೋಗಾಣು ಅದು. ಆರಂಭದಲ್ಲಿ ಇದ್ದದ್ದು ಬರೀ ಯೀಸ್ಟ್ ಆಗಿದ್ದಿರಬೇಕು ಎಂದು ಅವರ ಅಂದಾಜು. ಆಗಲೇ ನೋಡಿದ್ದರೆ ಕೆಲವು ವಾರಗಳ ಹನಿಯೌಷಧದಲ್ಲಿ ಮುಗಿಯುತ್ತಿತ್ತು.

ಕಿವುಡಿನ ಕಾರಣ ಕೇಳಿದೆ. ಒಳಗಿವಿಗೆ ಹಬ್ಬಿದ ಸೋಂಕೇ ಸಾಕು, ಆದರೆ ನೀವು ಹಾಕುತ್ತಿದ್ದ ಹನಿಗಳಲ್ಲಿ ಜೆಂಟಾಮೈಸಿನ್ ಇದೆ ಎಂದರು. ತಮಟೆ ಗಟ್ಟಿಯಾಗಿರುವ ಕಿವಿಗೆ ಅದು ಒಳ್ಳೆಯ ಔಷಧ; ತಮಟೆ ಹರಿದಿದ್ದರೆ ಒಳಗಿವಿಗೆ ಇಳಿದು ಕೇಳುವ ಶಕ್ತಿಯನ್ನೂ ಸಮತೋಲವನ್ನೂ ಕೆಡಿಸಬಲ್ಲದು. ಯಾವುದರಿಂದ ಎಷ್ಟು ಹಾನಿಯಾಯಿತು ಎಂದು ಈಗ ಬಿಡಿಸಿ ಹೇಳಲಾಗದು ಎಂದೂ ಹೇಳಿದರು. ಆ ಹನಿಗಳನ್ನು ದಿನಕ್ಕೆರಡು ಸಲ ಹಾಕಿದ್ದು ನನ್ನದೇ ಕೈ. ಗುಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಳ್ಳೆಯದಾಗಲಿ ಎಂದು ಹಾಕಿದ್ದು.

ಮಂಪರಿನಲ್ಲಿರುವಾಗಲೇ ಸಲೈನಿನಿಂದ ಕಿವಿ ತೊಳೆದರು. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಅಪಾಯವೆಂದು ಗುಳಿಗೆಯ ರೂಪದಲ್ಲಿ ಕೊಟ್ಟು ಕ್ರಮೇಣ ಇಳಿಸಿದರು. ಎರಡು ವಾರಕ್ಕೊಮ್ಮೆ ಕರೆಸಿ, ಪ್ರತಿ ಸಲವೂ ಹೊಸದಾಗಿ ಗಾಜಿನ ಪಟ್ಟಿ ಮಾಡಿ ನೋಡಿದರು. ವಾಸನೆ ಹೋದದ್ದೇ ಗುಣವಾದದ್ದಲ್ಲ, ಪಟ್ಟಿಯಲ್ಲಿ ರೋಗಾಣು ಇಲ್ಲದಾಗಲೇ ಔಷಧ ನಿಲ್ಲಿಸಬೇಕು ಎಂದರು. ಅದಕ್ಕೆ ಮೂರು ತಿಂಗಳು ಹಿಡಿಯಿತು. ಇನ್ನೂ ತಡಮಾಡಿದ್ದರೆ ಇಡೀ ಕಿವಿನಾಳವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಒಂದೇ ದಾರಿಯಾಗುತ್ತಿತ್ತಂತೆ. ತಲೆ ಈಗಲೂ ಸ್ವಲ್ಪ ವಾಲಿಯೇ ಇದೆ.

ಕಿವಿಯ ರೋಗ ಹೆಚ್ಚಿನ ಸಲ ಕಿವಿಯಲ್ಲಿ ಹುಟ್ಟುವುದಿಲ್ಲ ಎಂಬುದನ್ನೂ ಅಲ್ಲಿಯೇ ಕಲಿತೆ. ಗುಂಡ ಮುಂಗಾಲಿನ ಬೆರಳುಗಳ ಸಂದನ್ನು ಸದಾ ನೆಕ್ಕುತ್ತಿರುತ್ತಾನೆಯೇ ಎಂದು ವೈದ್ಯೆ ಕೇಳಿದರು. ಹೌದು, ಎರಡು ವರ್ಷಗಳಿಂದ. ನಾವದನ್ನು ಚಟ ಎಂದುಕೊಂಡಿದ್ದೆವು. ಅದು ಅಲರ್ಜಿಯ ಲಕ್ಷಣ; ಕಿವಿಯೊಳಗಿನ ಚರ್ಮವೂ ದೇಹದ ಚರ್ಮದ ಮುಂದುವರಿಕೆಯೇ ಆದ್ದರಿಂದ ಅಲರ್ಜಿ ಇರುವ ನಾಯಿಗೆ ಕಿವಿ ಮತ್ತೆ ಮತ್ತೆ ಕೆಡುತ್ತದೆ. ಎಂಟು ವಾರ ಒಂದೇ ಬಗೆಯ, ಹಿಂದೆಂದೂ ತಿನ್ನದ ಮಾಂಸದ ಆಹಾರ ಕೊಟ್ಟು ನೋಡಿದೆವು. ಆ ಎಂಟು ವಾರ ಬಿಸ್ಕತ್ತಿನ ಒಂದು ಚೂರನ್ನೂ ಕೊಡದಂತೆ ಮಕ್ಕಳನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ಅವನಿಗೆ ಕೋಳಿಮಾಂಸ ಒಗ್ಗುವುದಿಲ್ಲ ಎಂದು ತಿಳಿಯಿತು. ಬೇರೆ ನಾಯಿಗಳಲ್ಲಿ ಕಿವಿಯ ನುಸಿ ಇರಬಹುದು, ಉಣ್ಣೆ ಇರಬಹುದು, ಥೈರಾಯ್ಡಿನ ಕೊರತೆ ಇರಬಹುದು. ಹುಡುಕದೆ ಗೊತ್ತಾಗುವುದಿಲ್ಲ.

ನಂಬಬಹುದಾದ ವೈದ್ಯರನ್ನು ಹೇಗೆ ಗುರುತಿಸುವುದು ಎಂದು ಹಲವರು ಕೇಳಿದ್ದಾರೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪದವಿ ಪಡೆದು ನೋಂದಾಯಿಸಿಕೊಂಡ ಪಶುವೈದ್ಯರೇ ಪ್ರಾಣಿಗಳಿಗೆ ಚಿಕಿತ್ಸೆ ನೀಡಬೇಕು; ಡಿಪ್ಲೊಮಾ ಮಾಡಿದವರು ಸರ್ಕಾರ ಅನುಮತಿಸಿದ ಸಣ್ಣಪುಟ್ಟ ಸೇವೆಗಳನ್ನು ಅಂಥ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಬಹುದು. ಆದ್ದರಿಂದ ಕರ್ನಾಟಕ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳುವುದಕ್ಕೆ ಸಂಕೋಚ ಬೇಡ. ಆದರೆ ಸಂಖ್ಯೆಯೊಂದೇ ಸಾಲದು. ಕಿವಿಯ ದೂರಿಗೆ ಓಟೋಸ್ಕೋಪ್ ಕೈಗೆತ್ತಿಕೊಳ್ಳುತ್ತಾರೆಯೇ, ಜಿಡ್ಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆಯೇ, ತಮಟೆ ಸರಿಯಿದೆಯೇ ಎಂಬ ಪ್ರಶ್ನೆಗೆ ಉತ್ತರಿಸುತ್ತಾರೆಯೇ, ಕೊಟ್ಟ ಔಷಧದ ಹೆಸರನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆಯೇ, ಮತ್ತೆ ಯಾವಾಗ ತೋರಿಸಬೇಕೆಂದು ಹೇಳುತ್ತಾರೆಯೇ ಎಂಬುದನ್ನು ನೋಡಿ. ಸೂಜಿಯಲ್ಲಿ ಏನಿದೆ ಎಂದು ಕೇಳಿದಾಗ ಮುಖ ಗಂಟಿಕ್ಕುವವರ ಹತ್ತಿರ ನಿಲ್ಲಬೇಡಿ. ಮನೆಯಲ್ಲಿ ಉಳಿದ ಹಳೆಯ ಹನಿಯೌಷಧವನ್ನು, ಅದು ಹಿಂದೆ ಎಷ್ಟೇ ಗುಣ ಕೊಟ್ಟಿರಲಿ, ಮತ್ತೆ ಹಾಕಬೇಡಿ.

ಕಳೆದ ವಾರ ಅದೇ ಸ್ಕೂಟರು ನಮ್ಮ ಬೀದಿಯ ತುದಿಯ ಮನೆಯ ಮುಂದೆ ನಿಂತಿತ್ತು. ಅವರ ನಾಟಿ ನಾಯಿಯ ಕಿವಿ ಎರಡು ದಿನಗಳಿಂದ ಸೋರುತ್ತಿತ್ತಂತೆ. ನಾನು ಹೋಗಿ, "ಅಕ್ಕಾ, ಸೂಜಿ ಹಾಕಿಸಬೇಡಿ, ಮೊದಲು ಒಳಗೆ ನೋಡಿಸಿ," ಎಂದು ಗುಂಡನ ಕಥೆಯನ್ನೆಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ಅವರು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಓಟೋಸ್ಕೋಪ್ ಇಳಿಸಿ ನೋಡಿ, ಉದ್ದನೆಯ ಚಿಮ್ಮಟದಿಂದ ಹೊರಗೆಳೆದದ್ದು ಒಂದು ಹುಲ್ಲಿನ ತೆನೆಯ ಮುಳ್ಳು. ಅಕ್ಕ ಅದನ್ನು ಕಾಗದದಲ್ಲಿ ಮಡಿಸಿಟ್ಟುಕೊಂಡು ಬಂದು ನನಗೆ ತೋರಿಸಿದರು.