ಜೂಮ್ ಎಚ್4ಎನ್ ಪ್ರೊ: ತಾಳಮದ್ದಳೆ ರೆಕಾರ್ಡಿಂಗಿಗೆ ಬಳಸಿದ ಮೇಲೆ

ಜೂಮ್ ಎಚ್4ಎನ್ ಪ್ರೊ ಅಂದರೆ ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಧ್ವನಿಮುದ್ರಣ ಯಂತ್ರ. ಅದರ ಕೆಂಪು ಗುಂಡಿಯ ವಿಚಾರವನ್ನೇ ಮೊದಲು ಹೇಳಿಬಿಡುತ್ತೇನೆ. ರೆಕ್ ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಮಿಣುಕುತ್ತದೆ, ಪರದೆಯಲ್ಲಿ ಮೀಟರು ಕುಣಿಯುತ್ತದೆ, ಹೆಡ್‌ಫೋನಿನಲ್ಲಿ ಭಾಗವತರ ಪದ್ಯ ಸ್ವಚ್ಛವಾಗಿ ಕೇಳಿಸುತ್ತದೆ. ಕಾರ್ಡಿಗೆ ಮಾತ್ರ ಒಂದಕ್ಷರವೂ ಇಳಿಯುತ್ತಿರುವುದಿಲ್ಲ. ಅದು ಬರೀ ಸ್ಟ್ಯಾಂಡ್‌ಬೈ. ಇನ್ನೊಮ್ಮೆ ಒತ್ತಬೇಕು. ದೀಪ ಮಿಣುಕುವುದು ನಿಂತು ಒಂದೇ ಸಮ ಉರಿಯಬೇಕು, ಸೆಕೆಂಡುಗಳ ಅಂಕಿ ಓಡಬೇಕು. ಮೊಬೈಲಿನಲ್ಲಿ ಒಂದೇ ಒತ್ತಿಗೆ ರೆಕಾರ್ಡ್ ಮಾಡಿ ರೂಢಿಯಾದವರು ಮೊದಮೊದಲು ಎಡವುವುದು ಇಲ್ಲೇ. ಹೊಸಬರ ಕೈಗೆ ಯಂತ್ರ ಕೊಡುವಾಗ ನಾನು ಹೇಳುವುದು ಇಷ್ಟು: ಮೀಟರನ್ನು ನಂಬಬೇಡಿ, ಓಡುವ ಅಂಕಿಯನ್ನು ನಂಬಿ.

2016ರಲ್ಲಿ ಬಂದ ಮಾದರಿ ಇದು. ಉಳಿದ ವಿವರ ಡಬ್ಬಿಯ ಮೇಲೆಯೇ ಇದೆ. ತಾಳಮದ್ದಳೆಗೆ ಬೇಕಾಗುವುದು 4ಸಿಎಚ್, ಅಂದರೆ ನಾಲ್ಕು ಚಾನೆಲ್ ಮೋಡ್ ಒಂದೇ. ತಲೆಯ ಮೇಲೆ ಒಂದಕ್ಕೊಂದು ಅಡ್ಡಲಾಗಿ ನಿಂತ ಎಕ್ಸ್‌ವೈ ಮೈಕ್ ಜೋಡಿಗೆ ಎರಡು ಟ್ರ್ಯಾಕ್, ಬುಡದ ಎರಡು ಇನ್‌ಪುಟ್‌ಗಳಿಗೆ ಇನ್ನೆರಡು. ಮೆನುವಿನಲ್ಲಿ 4ಸಿಎಚ್ ಆರಿಸಲು ಬರುತ್ತಿಲ್ಲವೆಂದರೆ ಬ್ಯಾಟರಿ ಮುಚ್ಚಳ ತೆಗೆದು ನೋಡಿ. ಒಳಗೆ ಸ್ಟ್ಯಾಮಿನಾ ಎಂಬ ಪುಟ್ಟ ಸ್ವಿಚ್ ಇದೆ. ಬ್ಯಾಟರಿ ಬದಲಿಸುವಾಗ ಉಗುರು ತಾಗಿ ಅದು ಆನ್ ಆಗಿದ್ದರೆ 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ಬಿಟ್ಟು ಬೇರೇನೂ ಸಿಗದು. ಇಂಥ ಸ್ವಿಚ್ಚನ್ನು ಅಲ್ಲಿ ಅಡಗಿಸಿಟ್ಟವರ ಲೆಕ್ಕಾಚಾರ ನನಗಂತೂ ಅರ್ಥವಾಗಿಲ್ಲ.

ಯಂತ್ರವನ್ನು ಕೈಯಲ್ಲಿ ಹಿಡಿಯಬೇಡಿ. ಪ್ಲಾಸ್ಟಿಕ್ ಮೈಯ ಮೇಲೆ ಬೆರಳು ಸರಿದರೂ ಸದ್ದು ಒಳಗೆ ಹೋಗುತ್ತದೆ. ಬೆನ್ನಿನಲ್ಲಿ ಟ್ರೈಪಾಡಿನ ತಿರುಪು ಇದೆ, ಸ್ಟ್ಯಾಂಡಿಗೆ ಹಾಕಿ ಎದೆಮಟ್ಟಕ್ಕೆ ಏರಿಸಿ. ಎಕ್ಸ್‌ವೈ ಮೈಕುಗಳನ್ನು ತಿರುಗಿಸಿದರೆ 90 ಡಿಗ್ರಿಯಿಂದ 120ಕ್ಕೆ ಅಗಲವಾಗುತ್ತವೆ. ಹಿಮ್ಮೇಳದವರು ಮಧ್ಯೆ, ಪಾತ್ರಗಳ ಮಾತಾಡುವ ಅರ್ಥಧಾರಿಗಳು ಎರಡೂ ಕಡೆ ಕೂತ ಸಭೆಗೆ 120 ಸರಿ. ಎರಡನ್ನೂ ಕೊನೆತನಕ ತಿರುಗಿಸಬೇಕು, ಒಂದು ಅರ್ಧಕ್ಕೆ ನಿಂತರೆ ಸಭೆಯೇ ಒಂದು ಪಕ್ಕಕ್ಕೆ ವಾಲಿದಂತೆ ಕೇಳುತ್ತದೆ.

ಇನ್‌ಪುಟ್ 1ಕ್ಕೆ ಭಾಗವತರ ಎದುರಿನ ಪ್ರತ್ಯೇಕ ಮೈಕ್, 2ಕ್ಕೆ ಮೈಕ್‌ಸೆಟ್‌ನವರ ಮಿಕ್ಸರಿನಿಂದ ಅರ್ಥಧಾರಿಗಳ ಮಾತು. ಈ ಎರಡನೆಯದರಲ್ಲೇ ಎಡವಟ್ಟು ಜಾಸ್ತಿ. ಮಿಕ್ಸರಿನಿಂದ ಬರುವುದು ಲೈನ್ ಮಟ್ಟದ, ಅಂದರೆ ಮೈಕಿನದಕ್ಕಿಂತ ಬಹಳ ಜೋರಾದ ಸಿಗ್ನಲ್; ಇಲ್ಲಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಕಿಂಡಿ) ಮಾಡಿರುವುದು ಮೈಕಿಗಾಗಿ. ಎಕ್ಸ್‌ಎಲ್‌ಆರ್ ವೈರನ್ನು ನೇರ ಚುಚ್ಚಿದರೆ ಲೆವೆಲ್ ಎಷ್ಟು ಇಳಿಸಿದರೂ ಧ್ವನಿ ಒಡೆದೇ ಬರುತ್ತದೆ. ಒಡೆಯುವುದು ಲೆವೆಲ್ ಇಳಿಸುವ ಜಾಗಕ್ಕಿಂತ ಮೊದಲೇ ಎಂಬುದು ಕಾರಣ. ಅದೇ ಕಿಂಡಿಯ ನಡುವಿನ ತೂತಿಗೆ 6.3 ಮಿ.ಮೀ. ಜ್ಯಾಕ್ ಹಾಕಿದರೆ ಹೆಚ್ಚು ತಡೆದುಕೊಳ್ಳುತ್ತದೆ. ಆಗಲೂ ಒಡೆದರೆ ಮಿಕ್ಸರಿನ ಆಕ್ಸ್ ಔಟನ್ನು (ನಮಗೆ ಧ್ವನಿ ಕಳಿಸುವ ಕಿಂಡಿ) ಸ್ವಲ್ಪ ತಗ್ಗಿಸಲು ಮೈಕ್‌ಸೆಟ್‌ನವರಿಗೇ ಹೇಳಬೇಕು. ಜ್ಯಾಕಿನಿಂದ ಇನ್ನೊಂದು ಉಪಕಾರವೂ ಇದೆ. ಭಾಗವತರಿಗೆ ಕಂಡೆನ್ಸರ್ ಮೈಕ್ ಇಟ್ಟು 48 ವೋಲ್ಟ್ ಫ್ಯಾಂಟಮ್ (ವೈರಿನಲ್ಲೇ ಮೈಕಿಗೆ ಹೋಗುವ ವಿದ್ಯುತ್) ಕೊಟ್ಟರೆ ಅದು 1, 2 ಎರಡರ ಎಕ್ಸ್‌ಎಲ್‌ಆರ್‌ಗೂ ಹೋಗುತ್ತದೆ, ಜ್ಯಾಕಿಗೆ ಹೋಗುವುದಿಲ್ಲ. ಮಿಕ್ಸರಿನ ಔಟ್‌ಪುಟ್ಟಿಗೆ ಹಿಮ್ಮುಖವಾಗಿ ವೋಲ್ಟೇಜ್ ತಳ್ಳುವ ಅಪಾಯ ತಪ್ಪುತ್ತದೆ.

ಲೆವೆಲ್ ಹಿಡಿಯುವಾಗ ಮೈಕ್, 1, 2 ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಬಲಬದಿಯ ರೆಕ್ ಲೆವೆಲ್ ಗುಂಡಿಯಿಂದ 1ರಿಂದ 100ರೊಳಗೆ ಹೊಂದಿಸಬೇಕು. 1 ಏರಿಸಿದರೆ 2 ಕೂಡ ಏರುತ್ತಿದ್ದರೆ ಮೆನುವಿನಲ್ಲಿ ಎರಡರ ಲಿಂಕ್ ಬಿಡಿಸಿ. ಆಟ ಶುರುವಾಗುವ ಮುನ್ನ ಚೆಂಡೆಯವರು ನಾಲ್ಕು ಪೆಟ್ಟು ಹಾಕಿ ನೋಡುವಾಗ ಸಿಕ್ಕ ಅಳತೆ ಸುಳ್ಳು. ಸಂವಾದದ ಕಾವು ಏರಿ ಯುದ್ಧದ ಪದ್ಯ ಬಂದಾಗ ಅದೇ ಕೈ ಅದರ ದುಪ್ಪಟ್ಟು ಬೀಳುತ್ತದೆ. ಹಾಗಾಗಿ ಎಕ್ಸ್‌ವೈ ಜೋಡಿಯನ್ನು ಪರೀಕ್ಷೆಯ ಪೆಟ್ಟಿಗೆ ಮೀಟರಿನಲ್ಲಿ ಮೈನಸ್ 20 ಡೆಸಿಬೆಲ್ ಸುತ್ತ ಇಟ್ಟರೆ ಪದ್ಯ ಏರಿದಾಗಲೂ ಜಾಗ ಉಳಿಯುತ್ತದೆ. 24 ಬಿಟ್ ಇಟ್ಟುಕೊಂಡಿದ್ದರೆ ಆಮೇಲೆ ಏರಿಸಿಕೊಳ್ಳಲು ತೊಂದರೆಯಿಲ್ಲ. ಆಟೋ ಲೆವೆಲ್ ಕಡೆ ತಲೆ ಹಾಕಬೇಡಿ. ಚೆಂಡೆಗೆ ಬೆದರಿ ಅದು ಲೆವೆಲ್ ಇಳಿಸಿಬಿಡುತ್ತದೆ, ಆಮೇಲೆ ಅರ್ಥಧಾರಿ ಮೆಲುದನಿಯಲ್ಲಿ ಶುರು ಮಾಡಿದ ಪೀಠಿಕೆ ಪಾತಾಳ ಸೇರುತ್ತದೆ. ಫ್ಯಾನಿನ ಗುಂಯ್‌ಗೆ ಲೋ ಕಟ್ (ತಗ್ಗು ಸ್ವರ ಕತ್ತರಿಸುವ ಸೌಲಭ್ಯ) ಹಾಕಬಹುದು, ಎಕ್ಸ್‌ವೈಗೆ ಮಾತ್ರ ಬೇಡ, ಮದ್ದಳೆಯ ಎಡಬದಿಯ ದನಿ ತೆಳುವಾಗುತ್ತದೆ.

ಇಷ್ಟೆಲ್ಲ ಹೊಂದಿಸುವುದು ಆ ಸ್ಟ್ಯಾಂಡ್‌ಬೈನಲ್ಲೇ. ಬೈದದ್ದಕ್ಕೆ ಒಂದಿಷ್ಟು ಸಮಾಧಾನ ಇಲ್ಲಿದೆ. ಕಾರ್ಡಿನ ಜಾಗ ತಿನ್ನದೆ ನಾಲ್ಕೂ ಟ್ರ್ಯಾಕಿನ ಮೀಟರ್ ನೋಡುತ್ತ, ಹೆಡ್‌ಫೋನಿನಲ್ಲಿ ಕೇಳುತ್ತ, ಭಾಗವತರು ಜಾಗಟೆ ಎತ್ತಿದೊಡನೆ ಎರಡನೇ ಒತ್ತು ಕೊಡಬಹುದು. ರೂಢಿಯಾದ ಮೇಲೆ ಇದಿಲ್ಲದ ಯಂತ್ರಗಳೇ ಅವಸರದವು ಅನ್ನಿಸತೊಡಗುತ್ತವೆ. ಶುರುವಾದೊಡನೆ ಎಡಬದಿಯ ಪವರ್ ಸ್ವಿಚ್ಚನ್ನು ಹೋಲ್ಡ್ ಕಡೆ ತಳ್ಳಿಬಿಡಿ, ಯಾರ ಕೈ ತಾಗಿದರೂ ನಿಲ್ಲುವುದಿಲ್ಲ.

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ನಾಲ್ಕು ಟ್ರ್ಯಾಕಿಗೆ ಗಂಟೆಗೆ ಸುಮಾರು 2 ಜಿಬಿ ಬೇಕು. 32 ಜಿಬಿ ಕಾರ್ಡಿಗೆ ರಾತ್ರಿ ಪೂರ್ತಿ ಧಾರಾಳ, ಅದಕ್ಕಿಂತ ದೊಡ್ಡದನ್ನು ಇದು ಒಪ್ಪುವುದೂ ಇಲ್ಲ. ಬ್ಯಾಟರಿಯ ಮಾತೇ ಬೇರೆ. ಎರಡೇ ಎಎ ಸೆಲ್, ಫ್ಯಾಂಟಮ್ ಹಾಕಿದರೆ ಬೇಗ ಬರಿದಾಗುತ್ತವೆ. ರೀಚಾರ್ಜ್ ಸೆಲ್ ಹಾಕುವವರು ಮೆನುವಿನಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಎಂದು ಆರಿಸದಿದ್ದರೆ ಬ್ಯಾಟರಿ ಗುರುತು ತಪ್ಪು ತೋರಿಸುತ್ತದೆ. ಅಡಾಪ್ಟರ್ ಹಾಕಿದಾಗ, ಮಿಕ್ಸರಿನ ವೈರೂ ಜೊತೆಗಿದ್ದರೆ, ಗ್ರೌಂಡ್ ಲೂಪಿನ (ಎರಡು ಕಡೆಯಿಂದ ಅರ್ಥಿಂಗ್ ಸೇರಿದ್ದರಿಂದ ಬರುವ) ಗುಂಯ್ ಸೇರಬಹುದು. ಸೇರಿದರೆ ಅಡಾಪ್ಟರ್ ಕಿತ್ತು ಸೆಲ್ಲಿನಲ್ಲೇ ನಡೆಸಿ, ಪ್ರಸಂಗದ ನಡುವಿನ ಬಿಡುವಿನಲ್ಲಿ ಸ್ಟಾಪ್ ಒತ್ತಿ ಬದಲಿಸಿ.

ಮನೆಗೆ ಬಂದು ಕಾರ್ಡ್ ತೆರೆದರೆ ನಾಲ್ಕು ಫೈಲ್ ಇರುವುದಿಲ್ಲ, ಜೋಡಿ ಫೈಲ್ ಇರುತ್ತವೆ. ಹೆಸರಿನ ಕೊನೆಯಲ್ಲಿ ಎಮ್ ಇರುವುದು ಎಕ್ಸ್‌ವೈ, ಐ ಇರುವುದು ಇನ್‌ಪುಟ್. ಐ ಫೈಲ್ ಹಾಗೇ ಕೇಳಿದರೆ ಎಡಕಿವಿಯಲ್ಲಿ ಭಾಗವತರು, ಬಲಕಿವಿಯಲ್ಲಿ ಅರ್ಥಧಾರಿಗಳು. ಮೈಕ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ, ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಸ್ಟೀರಿಯೊ ಒಡೆದು ಎರಡು ಮೊನೊ ಮಾಡಿಕೊಳ್ಳಿ. 2 ಜಿಬಿ ದಾಟಿದರೆ, ಅಂದರೆ ಸುಮಾರು ಎರಡು ಗಂಟೆಗೊಮ್ಮೆ, ಯಂತ್ರವೇ ಹೊಸ ಫೈಲ್ ತೆರೆಯುತ್ತದೆ. ಎರಡೂ ತುಂಡುಗಳನ್ನು ಒಂದರ ಬೆನ್ನಿಗೆ ಒಂದು ಇಟ್ಟು ಜೋಡಿಸಬೇಕು.

ಈಗ ಹೊಸದಾಗಿ ಕೊಳ್ಳುವವರಿಗೆ ಇದನ್ನೇ ಕೊಳ್ಳಿ ಎನ್ನಲು ಬಾಯಿ ಬರುವುದಿಲ್ಲ. 2024ರಲ್ಲಿ ಬಂದ ಎಚ್4 ಎಸೆನ್ಷಿಯಲ್‌ನಲ್ಲಿ 32 ಬಿಟ್ ಫ್ಲೋಟ್ ಇದೆ, ಮೆಲುದನಿಯಿಂದ ಜೋರುದನಿಯವರೆಗೆ ಎಲ್ಲ ಹಿಡಿಯುವ ಈ ವಿಧಾನದಲ್ಲಿ ಲೆವೆಲ್ ಹಿಡಿಯುವ ತಲೆನೋವೇ ಇಲ್ಲ. ಹಾಗೆಂದು ಮಿಕ್ಸರಿನಲ್ಲೇ ಒಡೆದು ಬಂದ ಧ್ವನಿಯನ್ನು ಅದೂ ಸರಿಮಾಡದು. ಸೆಕೆಂಡ್ ಹ್ಯಾಂಡ್ ಎಚ್4ಎನ್ ಪ್ರೊ ಅಗ್ಗಕ್ಕೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಕೊಳ್ಳುವ ಮೊದಲು ಎರಡೂ ಎಕ್ಸ್‌ಎಲ್‌ಆರ್ ಕಿಂಡಿಗೆ ಮೈಕ್ ಚುಚ್ಚಿ ವೈರನ್ನು ಮೆಲ್ಲಗೆ ಅಲುಗಾಡಿಸಿ ಕೇಳಿ. ಕರಕರ ಅಂದರೆ ಅಲ್ಲೇ ಬಿಟ್ಟು ಬನ್ನಿ.