ಆಂಜೈನಾ ತಡೆಗೆ ಮಾತ್ರೆಯೋ, ಪ್ಯಾಚೋ?

ಆಂಜೈನಾ, ಅಂದರೆ ಹೃದಯಕ್ಕೆ ಸಾಕಷ್ಟು ರಕ್ತ ಸಿಗದೆ ಬರುವ ಎದೆನೋವು, ಬಾರದಂತೆ ತಡೆಯುವ ನೈಟ್ರೇಟ್ ಔಷಧಿಯಲ್ಲಿ ಎರಡು ದಾರಿಗಳಿವೆ: ನಿಧಾನವಾಗಿ ಬಿಡುಗಡೆಯಾಗುವ ಐಸೊಸಾರ್ಬೈಡ್ ಮಾನೊನೈಟ್ರೇಟ್ ಮಾತ್ರೆ, ಇಲ್ಲವೇ ಚರ್ಮಕ್ಕೆ ಅಂಟಿಸುವ ನೈಟ್ರೊಗ್ಲಿಸರಿನ್ ಪ್ಯಾಚ್. ಎರಡೂ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆ ಇಳಿಸುತ್ತವೆ.

ಮಾತ್ರೆಯ ಕ್ರಮ ಸರಳ. ಸಾಮಾನ್ಯವಾಗಿ ಬೆಳಿಗ್ಗೆ ಒಂದು. ಜಗಿಯಬಾರದು, ಪುಡಿ ಮಾಡಬಾರದು.

ಪ್ಯಾಚ್‌ಗೆ ಶಿಸ್ತು ಬೇಕು. 12ರಿಂದ 14 ಗಂಟೆ ಇಟ್ಟು ತೆಗೆಯಲೇಬೇಕು. ಬಿಡುವಿಲ್ಲದಿದ್ದರೆ ದೇಹ ಒಗ್ಗಿಹೋಗಿ ಔಷಧಿಯ ಗುಣ ಕುಂದುತ್ತದೆ. ಕೂದಲಿಲ್ಲದ ಒಣ ಚರ್ಮದ ಮೇಲೆ, ದಿನವೂ ಜಾಗ ಬದಲಿಸಿ ಅಂಟಿಸಬೇಕು. ನನ್ನ ತಂದೆ ಒಮ್ಮೆ ತೋಳಿನ ಹಿಂಬದಿಯ ಹಳೆಯದನ್ನು ಮರೆತು ಎದೆಗೆ ಹೊಸದನ್ನು ಅಂಟಿಸಿಕೊಂಡರು. ಸ್ವಲ್ಪ ಹೊತ್ತಿಗೆ ತಲೆಸುತ್ತಿ, ಬಚ್ಚಲಮನೆಯ ಹೊಸ್ತಿಲಲ್ಲಿ ಕುಸಿದು ಕುಳಿತರು. ಅಂದಿನಿಂದ ತೆಗೆದ ಪ್ಯಾಚನ್ನು ಮಡಿಸಿ ಎಸೆದ ಮೇಲೆಯೇ ಹೊಸದನ್ನು ಅವರ ಕೈಗೆ ಕೊಡುತ್ತೇನೆ.

ನುಂಗಲು ತೊಂದರೆಯಿಲ್ಲದವರಿಗೆ ಮಾತ್ರೆಯೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ನಿರ್ಧಾರ ವೈದ್ಯರೊಂದಿಗೆ ಆಗಲಿ. ಆರಂಭದ ತಲೆನೋವು ಎರಡರಲ್ಲೂ ಸಾಮಾನ್ಯ. ಅದಕ್ಕೆ ಹೆದರಿ ಥಟ್ಟನೆ ನಿಲ್ಲಿಸಬೇಡಿ, ಎದೆನೋವು ಮರುಕಳಿಸಬಹುದು.

ಸಂಕೋಚಪಡದೆ ಹೇಳಬೇಕಾದದ್ದೊಂದಿದೆ: ಸಿಲ್ಡೆನಾಫಿಲ್, ಟಡಾಲಾಫಿಲ್‌ನಂಥ ಲೈಂಗಿಕ ಶಕ್ತಿಯ ಮಾತ್ರೆಗಳನ್ನು ನೈಟ್ರೇಟ್ ಜೊತೆ ಸೇವಿಸಲೇಬಾರದು. ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು.

ಎದೆನೋವು ಶುರುವಾದ ಮೇಲೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾಗಲಿ, ಪ್ಯಾಚಾಗಲಿ ಉಪಯೋಗಕ್ಕೆ ಬರುವುದಿಲ್ಲ. ಆಗ ಕುಳಿತುಕೊಂಡು, ವೈದ್ಯರು ಬರೆದುಕೊಟ್ಟ ನಾಲಿಗೆಯಡಿಯ ಮಾತ್ರೆ ಅಥವಾ ಸ್ಪ್ರೇ ಬಳಸಿ. 5 ನಿಮಿಷದಲ್ಲಿ ಶಮನವಾಗದಿದ್ದರೆ 108ಕ್ಕೆ ಕರೆ ಮಾಡಿ.