ಮುನ್ಸೂಚನೆಗೂ ನೀರಿಗೂ ನಡುವಿನ ಅಂತರ: ಸ್ಯಾನ್ ಫ್ರಾನ್ಸಿಸ್ಕೊದ ನೇರ ಉಬ್ಬರವಿಳಿತ ಪರದೆಯ ವಿಮರ್ಶೆ

ಬಂದರಿನಲ್ಲಿ ಈಗ ನೀರು ಎಷ್ಟಿದೆ ಎಂಬ ಪ್ರಶ್ನೆಗೆ ಪಂಚಾಂಗದಂತಹ ಮುದ್ರಿತ ಕೋಷ್ಟಕ ಪೂರ್ತಿ ಉತ್ತರ ಕೊಡುವುದಿಲ್ಲ. ಸೂರ್ಯ ಚಂದ್ರರ ಸೆಳೆತವನ್ನು ಅದು ಲೆಕ್ಕ ಹಾಕಬಲ್ಲದು. ನಿನ್ನೆ ರಾತ್ರಿ ಎದ್ದ ಬಿರುಗಾಳಿಯನ್ನು ಲೆಕ್ಕ ಹಾಕಲಾರದು. ಈ ಕೊರತೆಯನ್ನು ತುಂಬುವುದಕ್ಕೆ ಸಾಗರ ಮತ್ತು ವಾಯುಮಂಡಲವನ್ನು ಗಮನಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ‘ಟೈಡ್ಸ್ ಆ್ಯಂಡ್ ಕರೆಂಟ್ಸ್’ ಎಂಬ ಜಾಲತಾಣವನ್ನೂ, ದೊಡ್ಡ ಬಂದರುಗಳಿಗಾಗಿ ‘ಪೋರ್ಟ್ಸ್’ ಎಂಬ ನೇರ ಮಾಹಿತಿ ವ್ಯವಸ್ಥೆಯನ್ನೂ ನಡೆಸುತ್ತಿದೆ. 1980ರ ಮೇ 9ರಂದು ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ‘ಸಮಿಟ್ ವೆಂಚರ್’ ಎಂಬ ಸರಕು ಹಡಗು ಬಿರುಮಳೆಗೆ ಸಿಕ್ಕಿ ಸನ್‌ಶೈನ್ ಸ್ಕೈವೇ ಸೇತುವೆಗೆ ಬಡಿದು 35 ಮಂದಿ ಸತ್ತರು. ಆ ದುರಂತದ ನಂತರ ಮೊದಲ ‘ಪೋರ್ಟ್ಸ್’ ಅದೇ ಕೊಲ್ಲಿಯಲ್ಲಿ 1991ರಲ್ಲಿ ಶುರುವಾಯಿತು. ಇಲ್ಲಿ ನಾನು ವಿಮರ್ಶಿಸುತ್ತಿರುವುದು ಅದರ ಸ್ಯಾನ್ ಫ್ರಾನ್ಸಿಸ್ಕೊ ಪುಟವನ್ನು, ಮುಖ್ಯವಾಗಿ ಕೊಲ್ಲಿ ಸಮುದ್ರಕ್ಕೆ ತೆರೆಯುವ ಗೋಲ್ಡನ್ ಗೇಟ್ ಜಲಸಂಧಿಯ ಪಕ್ಕದ 9414290 ಸಂಖ್ಯೆಯ ಕೇಂದ್ರವನ್ನು. 1854ರಿಂದ ಎಡೆಬಿಡದೆ ನೀರಿನ ಮಟ್ಟ ದಾಖಲಿಸುತ್ತ ಬಂದಿರುವ ಈ ಕೇಂದ್ರಕ್ಕಿಂತ ಹಳೆಯ ಅಖಂಡ ದಾಖಲೆ ಪಶ್ಚಿಮ ಗೋಳಾರ್ಧದಲ್ಲಿ ಬೇರೆ ಇಲ್ಲ.

ಪುಟ ತೆರೆದರೆ ಕಾಣುವುದು ಎರಡು ಗೆರೆಗಳು. ನೀಲಿ ಗೆರೆ ಮುನ್ಸೂಚನೆ; ಕೆಂಪು ಗೆರೆ ಮಾಪಕ ಕಂಡದ್ದು, ಇನ್ನೂ ಪರಿಶೀಲನೆಯಾಗದ ಅಂಕಿ. ಆರು ನಿಮಿಷಕ್ಕೊಮ್ಮೆ ಹೊಸ ಬಿಂದು ಸೇರುತ್ತದೆ, ಮತ್ತು ಆ ಒಂದೊಂದು ಬಿಂದುವೂ ಸೆಕೆಂಡಿಗೊಂದರಂತೆ ತೆಗೆದ 181 ಅಳತೆಗಳ ಸರಾಸರಿ. ಆದ್ದರಿಂದ ಹಡಗೊಂದು ಹಾದುಹೋದಾಗ ಎದ್ದ ಅಲೆಯಾಗಲಿ, ಗಾಳಿಯ ತೆರೆಯಾಗಲಿ ಗೆರೆಯನ್ನು ಅಲುಗಾಡಿಸುವುದಿಲ್ಲ. ಇದು ಒಳ್ಳೆಯ ನಿರ್ಧಾರ. ಆದರೆ ಇದೇ ಕಾರಣಕ್ಕೆ ಸುನಾಮಿಯನ್ನು ಗಮನಿಸಲು ಈ ನಕ್ಷೆ ಸಾಲದು. ಅದಕ್ಕೆಂದೇ ನಿಮಿಷಕ್ಕೊಮ್ಮೆ ಅಳತೆ ತೋರುವ ಬೇರೆ ಪುಟವನ್ನು ಅವರು ಇಟ್ಟಿದ್ದಾರೆ.

ಈ ಪರದೆಯ ನಿಜವಾದ ಬೆಲೆ ಇರುವುದು ಎರಡು ಗೆರೆಗಳ ನಡುವಿನ ಅಂತರದಲ್ಲಿ. ಉದಾಹರಣೆಗೆ ಮುನ್ಸೂಚನೆ 5.9 ಅಡಿ ಎನ್ನುವಾಗ ಮಾಪಕ 6.4 ಅಡಿ ತೋರಿಸುತ್ತಿದೆ ಎಂದುಕೊಳ್ಳಿ. ಆ ಅರ್ಧ ಅಡಿ ಆಕಾಶದಿಂದ ಬಂದದ್ದೂ ಇರಬಹುದು: ವಾಯುಭಾರ ಒಂದು ಮಿಲಿಬಾರ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಕರಾವಳಿಯುದ್ದಕ್ಕೂ ಬೀಸುವ ಗಾಳಿ ನೀರನ್ನು ದಡಕ್ಕೆ ಒತ್ತಿರಬಹುದು, ಮಳೆಗಾಲದ ಸ್ಯಾಕ್ರಮೆಂಟೊ ನದಿ ಕೊಲ್ಲಿಗೆ ನೆರೆ ಸುರಿದಿರಬಹುದು, ಅಥವಾ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನೀನೊ ವರ್ಷವಾಗಿದ್ದರೆ ಇಡೀ ಚಳಿಗಾಲ ಕೆಂಪು ಗೆರೆ ನೀಲಿಗಿಂತ ಮೇಲೆಯೇ ಉಳಿಯಬಹುದು. ಇವುಗಳಲ್ಲಿ ಯಾವುದು ಎಂದು ನಕ್ಷೆ ಹೇಳುವುದಿಲ್ಲ. ವಾಯುಭಾರ ಮತ್ತು ಗಾಳಿಯ ಪುಟಗಳನ್ನು ಪಕ್ಕದಲ್ಲಿ ತೆರೆದು ಓದುಗನೇ ತೀರ್ಮಾನಿಸಬೇಕು. ಎಲ್ಲವನ್ನೂ ಒಂದೇ ಕಡೆ ಜೋಡಿಸಿ ಕೊಟ್ಟಿದ್ದರೆ ಹೊಸಬರಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಅಂಕಿಯನ್ನು ನಂಬುವ ಮೊದಲು ಅದು ಯಾವ ಆಧಾರಮಟ್ಟದಿಂದ, ಅಂದರೆ ಯಾವ ಎತ್ತರವನ್ನು ಸೊನ್ನೆ ಎಂದು ಹಿಡಿದು, ಅಳೆದದ್ದು ಎಂದು ನೋಡಲೇಬೇಕು. ಇಲ್ಲಿ ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ. ಆದರೆ ಜೋಡಿಗಳು ಸಮನಾಗಿರುವುದಿಲ್ಲ. ಎರಡು ಇಳಿತಗಳಲ್ಲಿ ಹೆಚ್ಚು ತಗ್ಗಿನದನ್ನು ಮಾತ್ರ ಆರಿಸಿ, 1983ರಿಂದ 2001ರವರೆಗಿನ ಹತ್ತೊಂಬತ್ತು ವರ್ಷಗಳಿಗೆ ಸರಾಸರಿ ತೆಗೆದ ಮಟ್ಟವೇ ಇಲ್ಲಿನ ಸೊನ್ನೆ. ಅಲ್ಲಿಂದ ದಿನದ ದೊಡ್ಡ ಭರತದ ಸರಾಸರಿಗೆ 5.84 ಅಡಿ. ಮಂಗಳೂರು, ಕಾರವಾರಗಳ ಕಡೆಯ ಭರತ ಇಳಿತಗಳೂ ಹೀಗೆಯೇ ಅಸಮ ಜೋಡಿಗಳಾಗಿರುವುದರಿಂದ ನಮ್ಮ ಕರಾವಳಿಯವರಿಗೆ ನಕ್ಷೆಯ ಆಕಾರ ಪರಿಚಿತವೆನಿಸುತ್ತದೆ. ಆದರೆ ಸೊನ್ನೆಯೂ ಅದೇ ಎಂದು ಭಾವಿಸಬಾರದು. ಭಾರತದ ಬಂದರುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ‘ಇಂಡಿಯನ್ ಸ್ಪ್ರಿಂಗ್ ಲೋ ವಾಟರ್’ ಎಂಬ ಆಧಾರಮಟ್ಟ ಬೇರೆಯೇ ಲೆಕ್ಕದ್ದು.

ಸಮಯದ ಆಯ್ಕೆಯಲ್ಲೂ ಸೂಕ್ಷ್ಮವಿದೆ. ಗ್ರೀನ್‌ವಿಚ್ ಸಮಯ, ಸ್ಥಳೀಯ ಪ್ರಮಾಣ ಸಮಯ, ಬೇಸಿಗೆ ಬದಲಾವಣೆ ಸೇರಿದ ಸ್ಥಳೀಯ ಸಮಯ ಎಂದು ಮೂರು ಬಗೆಗಳಿವೆ. ಎರಡನೆಯದನ್ನು ಆರಿಸಿದವರಿಗೆ ಜುಲೈ ತಿಂಗಳಲ್ಲಿ ಕೈಗಡಿಯಾರಕ್ಕಿಂತ ಒಂದು ಗಂಟೆ ಹಿಂದಿನ ಸಮಯ ಕಾಣುತ್ತದೆ. ಅಡಿಗಳ ಬದಲು ಮೀಟರ್ ಬೇಕಾದರೆ ಅದೂ ಉಂಟು.

ಕೊಲ್ಲಿಯ ಒಳಗಿನವರು ಗೋಲ್ಡನ್ ಗೇಟ್ ಅಂಕಿಯನ್ನೇ ಎಲ್ಲ ಕಡೆಗೂ ಅನ್ವಯಿಸುವುದು ಸರಿಯಲ್ಲ. ದಕ್ಷಿಣದ ರೆಡ್‌ವುಡ್ ಸಿಟಿಗೆ ಭರತ ತಡವಾಗಿ ತಲುಪುತ್ತದೆ, ಮತ್ತು ಅಲ್ಲಿ ದಿನದ ಏರಿಳಿತ ಎಂಟು ಅಡಿಗೂ ಹೆಚ್ಚು. ಅಲಮೀಡಾ, ರಿಚ್‌ಮಂಡ್, ಪೋರ್ಟ್ ಷಿಕಾಗೊಗಳಿಗೂ ಪ್ರತ್ಯೇಕ ಮಾಪಕಗಳಿವೆ. ನೀರಿನ ಎತ್ತರವನ್ನೇ ನೋಡಿ ಹರಿವನ್ನು ಊಹಿಸುವುದಂತೂ ಅಪಾಯ: ಗೋಲ್ಡನ್ ಗೇಟ್‌ನಲ್ಲಿ ಭರತ ತುಂಬಿದ ಕ್ಷಣಕ್ಕೂ ಹರಿವು ನಿಲ್ಲುವ ಕ್ಷಣಕ್ಕೂ ತಾಳೆಯಾಗುವುದಿಲ್ಲ. ಸಣ್ಣ ದೋಣಿ ಇಳಿಸುವವರು ಹರಿವಿನ ಪುಟವನ್ನು ಬೇರೆಯಾಗಿಯೇ ತೆರೆಯಬೇಕು.

ಇಷ್ಟೆಲ್ಲ ಉಚಿತ, ಲಾಗಿನ್ ಬೇಕಿಲ್ಲ, ಜಾಹೀರಾತಿಲ್ಲ, ಹಳೆಯ ಅಂಕಿಗಳನ್ನೂ ಇಳಿಸಿಕೊಳ್ಳಬಹುದು. ಫೋನಿನ ಸಣ್ಣ ಪರದೆಯಲ್ಲಿ ಗೆರೆಗಳನ್ನು ಬೆರಳಿನಿಂದ ಹಿಡಿಯುವುದು ಕಷ್ಟ. ಅಲ್ಲಿ ನಕ್ಷೆಗಿಂತ ಕೋಷ್ಟಕವನ್ನೇ ಆರಿಸಿಕೊಳ್ಳುವುದು ಮೇಲು.